ಲಂಚ್ ಬೋರ್ಡಿನ ಹಿಂದೆ

ಊಟ ಮಾಡದೇ ಇದ್ದದ್ದಕ್ಕೆ ಯಾರಾದರೂ ಸಿಕ್ಕಿಬೀಳುತ್ತಾರೆಯೇ? ಕಳೆದ ಗುರುವಾರ ನಾನು ಸಿಕ್ಕಿಬಿದ್ದೆ.

ಹುನಗುಂದದ ಸರ್ಕಾರಿ ಕಚೇರಿಯೊಂದರಲ್ಲಿ ನನ್ನದು ಕೌಂಟರಿನ ಕೆಲಸ. ಹಾಸ್ಟೆಲ್ ಅರ್ಜಿಗಳನ್ನು ನೋಡಿ, ಸೀಲು ಒತ್ತಿ ಕೊಡಬೇಕು. ಒಂದೂವರೆಗೆ ಕಿಂಡಿಯಲ್ಲಿ 'ಲಂಚ್' ಎಂಬ ಬೋರ್ಡ್ ಇಡುತ್ತೇನೆ. ಮುಂದಿನ ಒಂದು ಗಂಟೆ ಯಾರೂ ಮಾತನಾಡಿಸುವುದಿಲ್ಲ.

ಭಾರೀ ಅನುಕೂಲದ ಪದ ಅದು. ಇಳಕಲ್ಲಿನ ನಮ್ಮ ಮನೆಯಲ್ಲಿ ಯಾರೂ ಲಂಚ್ ಮಾಡುವುದಿಲ್ಲ. ಮಧ್ಯಾಹ್ನ ಉಣ್ಣುತ್ತೇವೆ, ಅಷ್ಟೆ. ಲಂಚ್ ಇರುವುದು ಕಚೇರಿಯಲ್ಲಿ. "ಸಾಹೇಬ್ರು ಲಂಚಿಗೆ ಹೋಗ್ಯಾರ" ಎಂದರೆ ಅವರು ಕಟಿಂಗ್ ಅಂಗಡಿಯಲ್ಲೂ ಇರಬಹುದು. "ಲಂಚ್ ಆದಮ್ಯಾಲೆ ನೋಡೂಣು" ಎಂದರೆ ನಾಳೆ ಬನ್ನಿ ಎಂದರ್ಥ. ನನ್ನ ಲಂಚ್ ಎಂದರೆ ಕಾದಂಬರಿಯ ಇಪ್ಪತ್ತು ಪುಟ. (ಹೊಟ್ಟೆಯ ಕೆಲಸ ಹನ್ನೊಂದೂವರೆಗೇ ಉಪ್ಪಿಟ್ಟಿನಲ್ಲಿ ಮುಗಿದಿರುತ್ತದೆ.)

ಅಂದು ಬೋರ್ಡ್ ಇಟ್ಟು ಪುಸ್ತಕ ತೆರೆದಿದ್ದೆ. ಮರೋಳದ ಹುಸೇನಬಿ ಎಂಬುವವರು ಮಗಳ ಅರ್ಜಿ ಹಿಡಿದು ಬಂದರು. ಅರ್ಜಿಗೆ ಅದೇ ಕೊನೆಯ ದಿನ.

"ಲಂಚ್ ಟೈಮ್ ರೀ. ಎರಡೂವರಿಗೆ ಬರ್ರಿ," ಎಂದೆ, ತಲೆ ಎತ್ತದೆ.

"ಊಟದ ಹೊತ್ತೇನ? ಉಣ್ಣವಾ, ಉಣ್ಣು. ನಂದು ಆಗೇತಿ. ನಾ ಇಲ್ಲೇ ಕುಂದ್ರತೇನಿ."

ಎದುರಿನ ಬೆಂಚಿನ ಮೇಲೆ ಕುಳಿತೇಬಿಟ್ಟರು! ನಮ್ಮ ಕಡೆ ಹೀಗೆಯೇ. ಎಂಥ ಗಡಿಬಿಡಿಯವರೂ ಉಣ್ಣುವವರನ್ನು ಅವಸರ ಮಾಡುವುದಿಲ್ಲ. ಸಾವಕಾಶ ಆಗಲಿ ಎಂದು ಕಟ್ಟೆಗೆ ಕೂರುತ್ತಾರೆ.

ಆದರೆ ಉಣ್ಣಲು ನನ್ನ ಬಳಿ ಏನಿತ್ತು?

ಹತ್ತು ನಿಮಿಷ ಕಳೆದವು. ಅವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗಡಿಯಾರ. ಒಂದೇ ಸಾಲನ್ನು ನಾನು ಮೂರು ಸಲ ಓದಿದೆ.

"ನಿಮ್ಮ ಬಸ್ಸು ಎಷ್ಟಕ್ಕೈತ್ರಿ?"

"ಎರಡಕ್ಕ. ಹೋದ್ರ ಹೋಗ್ಲಿ ಬಿಡು, ಐದಕ್ಕ ಇನ್ನೊಂದೈತಿ. ಉಣ್ಣೂ ಹೆಣ್ಮಗಳನ್ನ ಎಬ್ಬಿಸಿ ಸೀಲ್ ಹೊಡಸ್ಕೋಬೇಕೇನ? ಅಲ್ಲ ಯವ್ವಾ, ನಿನ್ನ ಬುತ್ತಿ ಎಲ್ಲೈತಿ?"

ಪುಸ್ತಕ ಮುಚ್ಚಿದೆ. "ತಂದಿಲ್ರಿ."

"ಅಯ್ಯ! ಬುತ್ತಿ ಇಲ್ದನ ಊಟಕ್ಕ ಕುಂತೀಯೇನ? ಇದ್ಯಾವ ನಮೂನಿ ಲಂಚ್ ಬೇ?"

ಅವರ ಕೈಚೀಲದಿಂದ ಉಳಿದ ಒಂದು ರೊಟ್ಟಿ, ಮೇಲೊಂದಿಷ್ಟು ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಹೊರಬಂದು ಕಿಂಡಿಯೊಳಗೆ ತೂರಿತು. (ಪರಿಚಯವಿಲ್ಲದವರು ಕೊಟ್ಟದ್ದನ್ನು ಸುಲಭಕ್ಕೆ ತಿನ್ನುವವಳಲ್ಲ ನಾನು. ಅಂದು ಬೇಡ ಎನ್ನಲು ಮುಖ ಎಲ್ಲಿತ್ತು?) ಒಂದು ತುತ್ತು ಬಾಯಲ್ಲಿಟ್ಟುಕೊಂಡೇ ಬೋರ್ಡ್ ಸರಿಸಿದೆ. ಮಗಳ ಅಂಕಪಟ್ಟಿ, ಫೋಟೊ, ಸಹಿ, ಎಲ್ಲ ಸರಿಯಿತ್ತು. ಸೀಲು ಒತ್ತಿ ಕೊಟ್ಟೆ.

"ಪೂರಾ ತಿನ್ನು ಮತ್ತ. ಬಿಡಬ್ಯಾಡ," ಎಂದು ಹೇಳಿ, ಎರಡಕ್ಕೆ ಎಂಟು ನಿಮಿಷವಿರುವಾಗ ಬಸ್ ಸ್ಟ್ಯಾಂಡಿನತ್ತ ಓಡಿದರು.

ಹಿಂಡಿ ಖಾರವಾಗಿತ್ತು. ಪೂರಾ ತಿಂದೆ. ಕಾದಂಬರಿ ಅಂದು ಮುಂದೆ ಹೋಗಲಿಲ್ಲ, ಅದಕ್ಕೆ ಬೇಸರವೂ ಆಗಲಿಲ್ಲ.

ಬೋರ್ಡ್ ಈಗಲೂ ಇಡುತ್ತೇನೆ. ಆದರೆ ಶುಕ್ರವಾರದಿಂದ ಡಬ್ಬಿಯನ್ನೂ ಒಯ್ಯುತ್ತಿದ್ದೇನೆ, ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡು. ಮತ್ತೊಬ್ಬರು ಬಂದು "ನೀ ಉಣ್ಣವಾ" ಎಂದು ಎದುರಿಗೇ ಕುಳಿತುಬಿಟ್ಟರೆ?