ಹಿಡಿ ಹಿಡಿ ಹೋಳಿಗೆ

ಪಿತ್ತಕೋಶ ತೆಗೆಸಿಕೊಂಡ ಮೇಲೆ ನನಗೆ ತುಪ್ಪವೆಂದರೆ ಅಂಜಿಕೆ. ಹೊಟ್ಟೆ ತುಂಬ ಉಂಡರೆ ಮುಗೀತು, ಕೈ ತೊಳೆಯುವುದರೊಳಗೆ ಸಂಡಾಸಿಗೆ ಓಡಬೇಕು. ನನ್ನದು ಊರೂರು ತಿರುಗಿ ಹಿಟ್ಟಿನ ಗಿರಣಿ ರಿಪೇರಿ ಮಾಡುವ ಕೆಲಸ. ದಾಂಡೇಲಿಗೆ ವಾಪಸಾಗುವ ಬಸ್ಸು ನನ್ನ ಹೊಟ್ಟೆಗಾಗಿ ಕಾಡಿನಲ್ಲಿ ನಿಲ್ಲುವುದಿಲ್ಲ.

ಯುಗಾದಿಯ ಮರುದಿನ ಹಳಿಯಾಳದ ಕಡೆ ಒಂದು ಹಳ್ಳಿಗೆ ಹೋಗಿದ್ದೆ. ಗಿರಣಿ ನಡೆಸುವ ಅಕ್ಕಾರು ಮೊದಲು ಊಟ ಮಾಡ್ರಿ ಅಂತ ಗಿರಣಿಯಲ್ಲೇ ಕೂಡಿಸಿ, ತಾಟಿನ ತುಂಬ ಹೋಳಿಗೆ ಇಟ್ಟು ತುಪ್ಪ ಸುರಿಯಲು ಬಂದರು. ನಾನು ಎರಡೂ ಕೈ ಅಡ್ಡ ಹಿಡಿದೆ. ಅವರು ಕೈಮೇಲೆಯೇ ಸುರಿದರು.

"ಬ್ಯಾಡ್ರಿ ಅಕ್ಕಾರ, ನನ್ನ ಪಿತ್ತಕೋಶ ತಗದಾರ."

"ತಗದ್ರ ಏನಾತ್ರಿ? ಉಣ್ಣಾಕ ಬಾಯಿ ಐತೆಲ್ಲ!"

ಬೇರೆ ದಾರಿ ಕಾಣದೆ ಅವರ ಗಿರಣಿಯನ್ನೇ ತೋರಿಸಿದೆ. "ಕಾಳು ಸುರಿಯೋ ಆ ಮ್ಯಾಲಿನ ಡಬ್ಬಿ ತಗದ್ರ ಹೆಂಗ ಬೀಸ್ತೀರಿ?"

"ಹಿಡಿ ಹಿಡಿ ಹಾಕಿ ಬೀಸಬೇಕಾಗತೈತಿ."

"ನನ್ನ ಹೊಟ್ಟೀನೂ ಈಗ ಹಂಗ ಐತ್ರಿ."

ಅಕ್ಕಾರು ತಲೆಯಾಡಿಸಿ ತಾಟು ಎತ್ತಿಕೊಂಡು ಹೋದರು. ಗೆದ್ದೆ ಅಂದುಕೊಂಡೆ. ಗಿರಣಿಯ ಬೆಲ್ಟು ಬಿಚ್ಚುವಷ್ಟರಲ್ಲಿ ಹೋಳಿಗೆಯ ಒಂದು ತುಂಡು ಹಿಡಿದು ಬಂದರು, ಮೇಲೆ ಒಂದು ತೊಟ್ಟು ತುಪ್ಪ. ಬೀಸುವ ಕಲ್ಲು ಎತ್ತಿಟ್ಟಾಗ ಇನ್ನೊಂದು ತುಂಡು. ಸವೆದು ನುಣುಪಾದ ಕಲ್ಲಿಗೆ ಉಳಿ ಹೊಡೆದು ಮುಗಿಸಿದಾಗ ಮತ್ತೊಂದು. "ಒಂದ ಹಿಡಿ ಐತಿ, ತಿನ್ರಿ," ಎನ್ನುತ್ತ, ನಾನು ನುಂಗುವವರೆಗೂ ಎದುರಿಗೇ ನಿಂತಿರುತ್ತಿದ್ದರು. ಸಂಜೆಯ ಹೊತ್ತಿಗೆ ತಾಟು ಖಾಲಿ.

ಬಸ್ಸಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತೆ. ಕಾಡು ದಾಟಿತು, ದಾಂಡೇಲಿಯೂ ಬಂತು, ಹೊಟ್ಟೆ ಸುಮ್ಮನೇ ಇತ್ತು.

ಸ್ವಲ್ಪ ಸ್ವಲ್ಪವೇ ಉಣ್ಣಿ ಅಂತ ಡಾಕ್ಟರೂ ಹೇಳಿದ್ದರು. ಆದರೆ ಅವರು ಎದುರಿಗೆ ನಿಂತು ಬಡಿಸಿರಲಿಲ್ಲ.