ಫೆನ್ನೆಮಾನ್ ಮಹಾಶಯನ ದೀಪ ತಪಾಸಣೆ

ನಮ್ಮ ಕೆಳಮನೆಯ ಎಕಾರ್ಟ್ ಫೆನ್ನೆಮಾನ್ ಎದುರಿಗೆ ಸಿಕ್ಕಾಗ ನಾನು ಬಹುವಚನ ಕೊಟ್ಟೇ ಮಾತಾಡಿಸುತ್ತೇನೆ. ಇಲ್ಲಿ ಬರೆಯುವಾಗ ಕೊಡುವ ದರ್ದು ನನಗಿಲ್ಲ. ಮನೆ ಕಟ್ಟುವವರಿಗೆ ಪರವಾನಗಿ ಕೊಡುವ ಕಚೇರಿಯೊಂದರಲ್ಲಿ ಆಯುಸ್ಸೆಲ್ಲ ಕೂತು, ಕಂಡವರ ನಕ್ಷೆಯಲ್ಲಿ ತಪ್ಪು ಹುಡುಕಿ ನಿವೃತ್ತನಾದವನು. ಕುರ್ಚಿ ಹೋಯಿತು, ಚಟ ಉಳಿಯಿತು. ಯಾರು ಯಾವ ಡಬ್ಬಿಗೆ ಯಾವ ಕಸ ಹಾಕಿದರು ಅಂತ ಮುಚ್ಚಳ ತೆಗೆದು ನೋಡುತ್ತಾನೆ. ಸದ್ದು ಮಾಡಬಾರದೆಂಬ ನಿಯಮವಿರುವ ಭಾನುವಾರ ನಾನು ಗೋಡೆಗೆ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದರೆ ಎರಡನೇ ಏಟಿಗೆ ಬಾಗಿಲಲ್ಲಿ ಹಾಜರು. ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಕೆಂಪು ದೀಪಕ್ಕೆ ಕಂಬದ ಹಾಗೆ ನಿಂತು, ದಾಟಿ ಹೋದವರ ಬೆನ್ನಿಗೆ, "ಮಕ್ಕಳು ನೋಡ್ತಿರ್ತಾರೆ, ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ!" ಅಂತ ಕೂಗುತ್ತಾನೆ. ಸುತ್ತ ಒಂದು ಮಗುವೂ ಇರುವುದಿಲ್ಲ.

ಒಂದು ಉಪಕಾರ ಮರೆಯಬಾರದು. ಒಮ್ಮೆ ಹಿಮ ಸುರಿಯುತ್ತಿದ್ದಾಗ ನನ್ನ ಸೈಕಲ್ಲಿನ ಚೈನು ಬಿದ್ದುಹೋಗಿ ಗೇಟಿನ ಹತ್ತಿರ ಒದ್ದಾಡುತ್ತಿದ್ದೆ. ಮನೆಯ ಚಪ್ಪಲಿಯಲ್ಲೇ ಓಡಿಬಂದು ಹಾಕಿಕೊಟ್ಟ. ಆಮೇಲೆ ಅದೇ ಹಿಮದಲ್ಲಿ ನನ್ನನ್ನು ನಿಲ್ಲಿಸಿಕೊಂಡು, ಚೈನಿಗೆ ಎಣ್ಣೆ ಬಿಡದ ಹೆಂಗಸರ ಬಗ್ಗೆ ಭಾಷಣ ಮಾಡಿದ. ಉಪಕಾರ ಅಲ್ಲಿಗೆ ಚುಕ್ತಾ ಆಯಿತು.

ಚಳಿಗಾಲಕ್ಕೆಂದು ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಭಾನುವಾರದ ಹಿಂದಿನ ದಿನ, ಅಕ್ಟೋಬರ್ ಕೊನೆಗೆ, ನಮ್ಮ ಕಟ್ಟಡದ ಅಂಗಳದಲ್ಲಿ ಇವನ ದೀಪ ತಪಾಸಣೆ ನಡೆಯುತ್ತದೆ. ಮಾರನೇ ದಿನದಿಂದ ಸಂಜೆ ಐದಕ್ಕೇ ಕತ್ತಲು. ಪೊಲೀಸರು ಮೂಲೆಮೂಲೆಯಲ್ಲಿ ನಿಂತು ದೀಪವಿಲ್ಲದ ಸೈಕಲ್ಲುಗಳನ್ನು ಹಿಡಿಯುತ್ತಾರೆ. ಆದ್ದರಿಂದ ನಾವೆಲ್ಲ ಬಾಯಿ ಮುಚ್ಚಿಕೊಂಡು ಸೈಕಲ್ಲು ತಂದು ಸಾಲಾಗಿ ನಿಲ್ಲಿಸುತ್ತೇವೆ. ಇವನ ಹೆಂಡತಿ ಗುಡ್ರುನ್ ಪ್ಲಮ್ ಹಣ್ಣಿನ ಕೇಕು, ಕಾಫಿ ತರುತ್ತಾಳೆ. ಜನ ಬರುವುದು ಆ ಕೇಕಿಗೆ. ಈ ಮಹಾಶಯ ತನ್ನ ವಿದ್ವತ್ತಿಗೆ ಅಂದುಕೊಂಡಿದ್ದಾನೆ.

ಈ ಸಲ ಗುಡ್ರುನ್‌ಳ ಸೈಕಲ್ಲಿನ ಮುಂದೆ ಬಂದು ನಿಂತವನಿಗೆ ಮುಖ ಸಿಂಡರಿಸಿಹೋಯಿತು. ಅವಳದು ಮುಂದಿನ ಚಕ್ರದ ನಡುವೆ, ಕಡ್ಡಿಗಳೆಲ್ಲ ಬಂದು ಸೇರುವ ಕಡೆ, ಡೈನಮೊ ಇರುವ ಸೈಕಲ್ಲು. ಚಕ್ರ ತಿರುಗಿದರೆ ಮುಂದಿನ ದೀಪ ಹೊತ್ತುತ್ತದೆ, ಅಲ್ಲಿಂದ ಒಂದು ವೈರು ಹಿಂದಿನ ಕೆಂಪು ದೀಪಕ್ಕೆ ಹೋಗುತ್ತದೆ. ಎರಡೂ ಚೆನ್ನಾಗಿಯೇ ಉರಿಯುತ್ತಿದ್ದವು. ಆದರೆ ಹಿಂದಿನ ಮಡ್‌ಗಾರ್ಡಿನ ಹತ್ತಿರ ಆ ವೈರು ಒಂದು ಬೆರಳಿನಷ್ಟು ಜೋತುಬಿದ್ದಿತ್ತು.

"ಇದೇನಿದು, ಬಟ್ಟೆ ಒಣಗಿಸೋ ಹಗ್ಗಾನಾ?" ಅಂದ.

"ಉರೀತಾ ಇದೆಯಲ್ಲ, ಬಿಡು ಎಕಾರ್ಟ್," ಅಂದಳು ಗುಡ್ರುನ್.

"ಉರಿದ್ರೆ ಸಾಕಾ? ನೋಡೋಕೆ ಒಂದು ಶಿಸ್ತು ಬೇಡ್ವಾ?"

ವೈರನ್ನು ಬಿಗಿಯಾಗಿ ಎಳೆದು, ಮಡ್‌ಗಾರ್ಡಿನ ಕಂಬಿಯ ಕೆಳಗೆ ತೂರಿಸಿ, ಮೇಲಿನ ಸ್ಕ್ರೂವನ್ನು ಹಲ್ಲು ಕಚ್ಚಿ ತಿರುಗಿಸಿದ. ಎದ್ದು ನಿಂತು, ನಮ್ಮ ಕಡೆ ತಿರುಗಿ, "ವೈರು ಅಂದ್ರೆ ಹೀಗಿರ್ಬೇಕು," ಅಂದ. ನಾವು ಕೇಕು ತಿಂದೆವು.

ಸ್ವಲ್ಪ ದಿನಕ್ಕೇ ಆ ಸೈಕಲ್ಲಿನ ಎರಡೂ ದೀಪ ಸತ್ತವು.

ಗುಡ್ರುನ್ ಕಾಲುವೆಯ ಆಚೆ ದಡದ ಚರ್ಚಿನಲ್ಲಿ ಹಾಡುವವಳು. ಮದುವೆಗೆ ಮುಂಚಿನಿಂದಲೂ ಹಿಂದಿನ ಸಾಲಿನಲ್ಲಿ ನಿಂತು, ಗುಂಪಿನಲ್ಲಿ ಗುಂಪಾಗಿ ಹಾಡಿದವಳು. ಈ ವರ್ಷ ಮೊದಲ ಸಲ, ಕ್ರಿಸ್‌ಮಸ್‌ಗೆ ಮುಂಚಿನ ಸಂಗೀತ ಕಛೇರಿಯಲ್ಲಿ ಒಬ್ಬಳೇ ಹಾಡುವ ಭಾಗವೊಂದು ಅವಳ ಪಾಲಿಗೆ ಬಂದಿತ್ತು. ಆ ಸುದ್ದಿ ಹೇಳಲು ಮೆಟ್ಟಿಲು ಹತ್ತಿ ನನ್ನ ಮನೆಗೆ ಓಡಿಬಂದಿದ್ದಳು. ಅಭ್ಯಾಸ ಪ್ರತಿ ಗುರುವಾರ ಸಂಜೆ. ಕಾಲುವೆಯ ದಾರಿಯಲ್ಲಿ ಒಂದು ದೀಪದ ಕಂಬವಿಲ್ಲ. ಅಭ್ಯಾಸ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ಕಾರನ್ನು ಈತ ತತ್ವಕ್ಕಾಗಿ ಮಾರಿ ಯಾವ ಕಾಲವೋ ಆಯಿತು. ನನ್ನ ಸೈಕಲ್ಲು ಏರಿದರೆ ಅವಳ ಕಾಲು ನೆಲಕ್ಕೆ ಎಟಕುವುದಿಲ್ಲ.

ನನ್ನ ಹತ್ತಿರ ಹ್ಯಾಂಡಲ್ಲಿಗೆ ಸಿಕ್ಕಿಸುವ ಬ್ಯಾಟರಿ ದೀಪದ ಜೊತೆಯೊಂದಿತ್ತು. ಕೊಟ್ಟೆ. ಮಾರನೇ ಬೆಳಿಗ್ಗೆ ಅದನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಹಿಡಿದುಕೊಂಡು ಫೆನ್ನೆಮಾನ್ ನನ್ನ ಬಾಗಿಲಿಗೆ ಬಂದ.

"ಇದು ನಿಮ್ದೇ ಇರ್ಬೇಕು."

"ಹೌದು. ಗುಡ್ರುನ್‌ಗೆ ಕೊಟ್ಟಿದ್ದೆ."

"ಡೈನಮೊ ಇರೋ ಸೈಕಲ್ಲಿಗೆ ಬ್ಯಾಟರಿ ಸಿಕ್ಕಿಸೋದು ಅಂದ್ರೆ ಸೋಲು ಒಪ್ಕೊಂಡ ಹಾಗೆ. ನಮ್ಮನೇಲಿ ಅದಾಗಲ್ಲ. ಕಾರಣ ಹುಡುಕ್ತಾ ಇದ್ದೀನಿ."

"ಗುರುವಾರದ ಒಳಗೆ ಸಿಗುತ್ತಾ?"

"ಪತ್ತೆ ಮಾಡೋದಕ್ಕೆ ಒಂದು ಕ್ರಮ ಇದೆ," ಅಂದವನೇ ಇಳಿದುಹೋದ.

ಆ ಕ್ರಮ ನೆಲಮಾಳಿಗೆಯಲ್ಲಿ ಶುರುವಾಯಿತು. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಕರೆಂಟು ಅಳೆಯುವ ಮೀಟರಿನ ಎರಡು ಕಡ್ಡಿ ಹಿಡಿದುಕೊಂಡು, ಯಾರು ಇಳಿದು ಬಂದರೂ ನಿಲ್ಲಿಸಿ ಪಾಠ ಹೇಳುತ್ತಿದ್ದ. ಕೊನೆಗೆ ಒಂದು ದಿನ ತೀರ್ಪು ಹೊರಬಿತ್ತು. "ಮುಂದಿನ ದೀಪ ಸುಟ್ಟುಹೋಗಿದೆ. ಮಾಡಿದವರ ತಪ್ಪು. ಹೊಸದಕ್ಕೆ ಬರೆದಿದ್ದೀನಿ, ಬರೋವರೆಗೆ ಯಾರೂ ಮುಟ್ಟಬೇಡಿ." ಸೈಕಲ್ಲಿನ ಮೇಲೆ ಹಳೆಯ ಹಾಸು ಹೊದಿಸಿದ.

ಗುರುವಾರಗಳು ಕಳೆದವು. ಒಂದು ಸಲ ಗುಡ್ರುನ್ ನಡೆದೇ ಹೋಗಿ, ಮಳೆಯಲ್ಲಿ ತೊಪ್ಪೆಯಾಗಿ, ಅಭ್ಯಾಸದ ಅರ್ಧಕ್ಕೆ ತಲುಪಿದಳು. ಉಳಿದಂತೆ ಹೋಗಲಾಗಲಿಲ್ಲ. ಹಾಡಿಸುವ ಶ್ರೀಮತಿ ಟೆಗೆಲರ್ ಫೋನು ಮಾಡಿದರು: ಈ ಗುರುವಾರವೂ ಬರದಿದ್ದರೆ ಆ ಭಾಗವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ. ಗುಡ್ರುನ್ ಫೋನಿಟ್ಟು ಮೇಲೆ ಬಂದು ನನ್ನ ಅಡುಗೆಮನೆಯಲ್ಲಿ ಅತ್ತಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನಡಿ, ನಾವೇ ನೋಡೋಣ," ಅಂದೆ.

"ಮುಟ್ಟಬೇಡಿ ಅಂದಿದ್ದಾನಲ್ಲೇ."

"ಸೈಕಲ್ಲು ನಿಂದು ಕಣೇ!"

ಅದು ಬುಧವಾರ ಮಧ್ಯಾಹ್ನ. ಮಹಾಶಯ ಇಸ್ಪೀಟಿಗೆ ಹೋಗಿದ್ದ. ನೆಲಮಾಳಿಗೆಗೆ ಇಳಿದು ಹಾಸು ತೆಗೆದೆವು. ಮುಂದಿನ ಚಕ್ರದ ಡೈನಮೊಗೆ ಸಿಕ್ಕಿಸುವ ಪ್ಲಗ್ಗು ಸಿಕ್ಕಿಸಿಯೇ ಇರಲಿಲ್ಲ. ಅದನ್ನು ಕಿತ್ತು, ಪಕ್ಕದ ಕಂಬಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿಟ್ಟಿದ್ದ. ಕಟ್ಟಿದ್ದನ್ನೂ ಎಷ್ಟು ಓರಣವಾಗಿ ಕಟ್ಟಿದ್ದ ಅಂತೀರಿ! ಪಟ್ಟಿ ಕತ್ತರಿಸಿ ಪ್ಲಗ್ಗು ಒತ್ತಿದೆ. ಗುಡ್ರುನ್ ಚಕ್ರ ತಿರುಗಿಸಿದಳು.

ಸುಟ್ಟುಹೋಗಿದೆ ಅಂದಿದ್ದ ದೀಪದ ಬೆಳಕು ಗೋಡೆಯ ಮೇಲೆ ಬೆಳ್ಳಗೆ ಬಿತ್ತು. ಹಿಂದೆ ಕೆಂಪು ದೀಪವೂ ಹೊತ್ತಿತು.

ಗುಡ್ರುನ್ ಬಗ್ಗಿ ಹಿಂದಿನ ವೈರಿನ ಮೇಲೆ ಬೆರಳಾಡಿಸಿಕೊಂಡು ಹೋಗಿ ಮಡ್‌ಗಾರ್ಡಿನ ಹತ್ತಿರ ನಿಂತಳು. ಅಕ್ಟೋಬರಿನಲ್ಲಿ ಸ್ಕ್ರೂವಿನ ಕೆಳಗೆ ಹಿಸುಕಿದ್ದನಲ್ಲ, ಅದೇ ಜಾಗದಲ್ಲಿ ವೈರಿಗೆ ಹೊಸ ಕರಿ ಟೇಪು ಸುತ್ತಿತ್ತು. ಸ್ಕ್ರೂವಿನಿಂದ ಬಿಡಿಸಿ, ಮತ್ತೆ ಒಂದು ಬೆರಳಿನಷ್ಟು ಸಡಿಲ ಬಿಟ್ಟಿದ್ದ. ಹಿಸುಕಿದ ವೈರು ಒಳಗೊಳಗೇ ಕಬ್ಬಿಣಕ್ಕೆ ತಾಗಿ ಎರಡೂ ದೀಪ ಸತ್ತಿದ್ದವು. ಅದು ಅವನಿಗೆ ಸಿಕ್ಕಿತ್ತು. ರಿಪೇರಿಯೂ ಆಗಿತ್ತು. ಆದರೆ ತನ್ನ ಶಿಸ್ತಿನಿಂದಲೇ ಕೆಟ್ಟಿದ್ದು ಅಂತ ಒಪ್ಪಿಕೊಳ್ಳುವುದು ಹೇಗೆ? ಹೊಸ ದೀಪ ಬರಲಿ, ಅದನ್ನು ಹಾಕಿ ಪ್ಲಗ್ಗು ಒತ್ತಿದರೆ ಎಲ್ಲ ಉರಿಯುತ್ತದೆ, ತಪ್ಪು ದೀಪ ಮಾಡಿದವರ ತಲೆಗೆ ಹೋಗುತ್ತದೆ. ಅಲ್ಲಿಯವರೆಗೆ ಹೆಂಡತಿ ಮನೆಯಲ್ಲಿ ಕೂತಿರಲಿ. ಇಷ್ಟು ಸಣ್ಣ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

"ಬರಲಿ, ಇವತ್ತೇ ಕೇಳ್ತೀನಿ," ಅಂದೆ.

"ಬೇಡ," ಅಂದಳು. ಪ್ಲಗ್ಗು ಕೀಳದೆಯೇ ಹಾಸನ್ನು ಮೊದಲಿನ ಹಾಗೇ ಹೊದಿಸಿದಳು. "ನಾಳೆ ದೀಪ ಬರುತ್ತಂತೆ."

ಗುರುವಾರ ಮಧ್ಯಾಹ್ನ ಪಾರ್ಸೆಲ್ಲು ಬಂತು. ಕತ್ತಲಾಗುವ ಹೊತ್ತಿಗೆ ಫೆನ್ನೆಮಾನ್ ಎಲ್ಲರ ಬಾಗಿಲು ಬಡಿದು ಅಂಗಳಕ್ಕೆ ಕರೆದ. ಈ ಸಲ ಕೇಕು ಇರಲಿಲ್ಲ. ಹೊಸ ದೀಪವನ್ನು ಅಂಗೈಯಲ್ಲಿಟ್ಟುಕೊಂಡು, ಹಳೆಯದರಲ್ಲಿ ಏನು ದೋಷವಿತ್ತು ಅಂತ ಕೊರೆಯತೊಡಗಿದ. ಕೋಟು ಹಾಕಿ, ಹಾಡಿನ ಹಾಳೆಗಳ ಚೀಲ ಹೆಗಲಿಗೇರಿಸಿಕೊಂಡಿದ್ದ ಗುಡ್ರುನ್, "ಸೈಕಲ್ಲು ನಾನೇ ತರ್ತೀನಿ," ಅಂತ ಕೆಳಗೆ ಹೋದಳು.

ನೆಲಮಾಳಿಗೆಯ ಇಳಿಜಾರಿನಿಂದ ಮೊದಲು ಬೆಳಕು ಮೇಲೆ ಬಂತು, ಹಿಂದೆಯೇ ಅವಳು. ದೂಡಿದಂತೆ ಚಕ್ರ ತಿರುಗಿ, ಹಳೆಯ ದೀಪದ ಬೆಳಕು ನೇರ ಅವನ ಹೊಟ್ಟೆಯ ಮೇಲೆ ಬಿತ್ತು. ಅವನ ಭಾಷಣ ನಿಂತಿತು.

"ಹೊಸ ದೀಪ ಇನ್ನೂ ಹಾಕೇ ಇಲ್ಲ!" ಅಂದ.

"ಗೊತ್ತು."

"ಯಾರು ಮುಟ್ಟಿದ್ದು?"

"ಟೇಪು ಚೆನ್ನಾಗಿ ಸುತ್ತಿದ್ದೀಯ, ಎಕಾರ್ಟ್."

ಅವನ ಕಿವಿ ಕೆಂಪಗಾಯಿತು. ನಮ್ಮನ್ನೆಲ್ಲ ಒಮ್ಮೆ ನೋಡಿ, ದನಿ ಇಳಿಸಿ, "ಹೇಳೋಣ ಅಂತಲೇ ಇದ್ದೆ," ಅಂದ.

"ಯಾವಾಗ? ನನ್ನ ಹಾಡನ್ನ ಬೇರೆಯವರು ಹಾಡಿದ ಮೇಲಾ?"

ಉತ್ತರಕ್ಕೆ ಕಾಯದೆ ಸೈಕಲ್ಲು ಏರಿದಳು. ಗೇಟು ದಾಟಿ, ಕಾಲುವೆಯ ಕಡೆ ತಿರುಗಿದಳು. ಜನ ಒಬ್ಬೊಬ್ಬರಾಗಿ ಒಳಗೆ ಹೋದರು. ಫೆನ್ನೆಮಾನ್ ಹೊಸ ದೀಪ ಹಿಡಿದುಕೊಂಡು ಗೇಟಿನಲ್ಲೇ ನಿಂತಿದ್ದ. ದೂರದ ಕತ್ತಲಲ್ಲಿ ಕೆಂಪು ಚುಕ್ಕೆ ಸೇತುವೆ ಹತ್ತುತ್ತಿತ್ತು. ಅದನ್ನೇ ಕಣ್ಣು ಕಿರಿದು ಮಾಡಿ ನೋಡಿದವನು ನನ್ನ ಕಡೆ ತಿರುಗಿ ಹೇಳಿದ:

"ಹಿಂದಿನ ದೀಪ ಸ್ವಲ್ಪ ಎಡಕ್ಕೆ ವಾಲಿದೆ."