ಹೂವಿನ ಕಾಲದಲ್ಲಿ ಆರಿದ ಭಟ್ಟಿ

"ಅಲ್ಲಿ ಭಟ್ಟಿ ಯಾವಾಗ ಹಚ್ಚತಾರ್ರಿ?"

ಬೆಳಗಾವಿಯ ಕಾಲೇಜು ರಸ್ತೆಯ ಟ್ರಾವೆಲ್ ಆಫೀಸಿನಲ್ಲಿ ಕುಳಿತು ನಮ್ಮ ಈರಣ್ಣ ಕಾಕಾ ಹೀಗೆ ಕೇಳಿದಾಗ ಏಜೆಂಟ್ ತಬ್ಬಿಬ್ಬಾದ. ಆಮೇಲೆ ದನಿ ತಗ್ಗಿಸಿ, "ಕಾಕಾರ, ಅದರ ವ್ಯವಸ್ಥಾನೂ ಐತ್ರಿ. ಕ್ಯೋಟೋದಾಗ ಅವರ ಅಕ್ಕಿ ದಾರೂ ರುಚಿ ನೋಡಾಕ ಕರ್ಕೊಂಡ ಹೋಗ್ತಾರ" ಎಂದ.

ಹಣೆ ತುಂಬ ವಿಭೂತಿ, ಚಹಾದ ಆಚೆಗೆ ಏನನ್ನೂ ಕುಡಿಯದ ಕಾಕಾ! ನಾನು ನಗು ನುಂಗಿಕೊಂಡು ಕಿಟಕಿಯತ್ತ ತಿರುಗಿದೆ.

"ದಾರೂ ಭಟ್ಟಿ ಅಲ್ಲಪಾ. ಗಡಿಗಿ ಸುಡೂ ಭಟ್ಟಿ" ಎಂದರು ಕಾಕಾ. ಅವರು ನಗುತ್ತಿರಲಿಲ್ಲ.

ಈರಣ್ಣ ಕಾಕಾ ನನ್ನ ಅಪ್ಪನ ತಮ್ಮ. ವಯಸ್ಸು ಎಪ್ಪತ್ತೊಂದು. ಖಾನಾಪುರದ ಕುಂಬಾರಿಕೆ ತರಬೇತಿ ಕೇಂದ್ರದಲ್ಲಿ ಮಣ್ಣಿನ ಕೆಲಸ ಕಲಿಸುತ್ತಲೇ ನಿವೃತ್ತರಾದವರು. ಅವರಿಗೆ ಇಪ್ಪತ್ತಾರಾಗಿದ್ದಾಗ ಜಪಾನಿನ ಕುಂಬಾರನೊಬ್ಬ ಅಲ್ಲಿಗೆ ಬಂದು ಎರಡು ತಿಂಗಳಿದ್ದನಂತೆ. ಇವರಿಗೆ ಜಪಾನಿ ಬಾರದು, ಅವನಿಗೆ ಕನ್ನಡ ಬಾರದು, ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೇ. ಆದರೂ ಅವನ ಒಂದು ಮಾತು ಕಾಕಾಗೆ ಚೆನ್ನಾಗಿ ತಿಳಿದಿತ್ತು: ನಮ್ಮೂರು ಬಿಜೆನ್. ಅಕ್ಟೋಬರ್‌ನಲ್ಲಿ ಭಟ್ಟಿ ಹಚ್ಚುತ್ತೇವೆ. ಹದಿನಾಲ್ಕು ದಿನ ಬೆಂಕಿ ಆರುವುದಿಲ್ಲ. ಬಾ.

ಅವನ ವಿಳಾಸ ಎಂದೋ ಕಳೆದುಹೋಯಿತು. ಆ ಕರೆ ಮಾತ್ರ ನಲವತ್ತೈದು ವರ್ಷ ಕಾಕಾನ ತಲೆಯಲ್ಲಿ ಕುಳಿತೇ ಇತ್ತು. ನಾವು ಜಪಾನಿಗೆ ಹೊರಟ ಸುದ್ದಿ ಕೇಳಿ ಅವರೇ ಫೋನ್ ಮಾಡಿದ್ದರು. ಜೀವನದಲ್ಲಿ ಮೊದಲ ಸಲ ನನ್ನಲ್ಲಿ ಏನನ್ನೋ ಬೇಡುವವರ ಹಾಗೆ, "ನಾನೂ ಬರಲೇನವಾ?" ಎಂದಿದ್ದರು. (ಅವರ ಹೆಂಡತಿ, ನಮ್ಮ ಕಾಕು, ವಿಮಾನಕ್ಕೆ ಹೆದರಿ ಒಲ್ಲೆ ಎಂದರು.)

ಏಜೆಂಟ್ ಕೊನೆಗೆ, "ಅಕ್ಟೋಬರ್ ಕೊನಿಗೆ ಹೋದ್ರೂ ಚಲೋ ಇರ್ತದ್ರಿ. ಎಲಿ ಕೆಂಪ ಆಗಾಕ ಹತ್ತಿರ್ತಾವ" ಎಂದ. ಕಾಕಾನ ಮುಖ ಅರಳಿತು. ಅದನ್ನು ನಾನು ನೋಡಿದೆ. ನೋಡಿಯೂ ಏನು ಹೇಳಿದೆ ಗೊತ್ತೇ?

"ಅಕ್ಟೋಬರ್ ಆಗೂದಿಲ್ಲ. ಮಗಳ ಪರೀಕ್ಷೆ ಮಾರ್ಚ್‌ದಾಗ ಮುಗಿತಾವ, ಇವರಿಗೂ ಆವಾಗ ರಜಾ. ಹೂವಿನ ಸೀಸನ್ನಿಗೆ ಬುಕ್ ಮಾಡ್ರಿ."

ಕಾಕಾ ಒಂದು ಮಾತೂ ಎದುರಾಡಲಿಲ್ಲ. "ಆಗ್ಲಿ, ನಿಮಗ ಹೊಂದೂದು ನೋಡ್ರಿ" ಎಂದರು. ಹಿರಿಯರ ಈ ಮಾತನ್ನು ನಾವೆಲ್ಲ ಒಪ್ಪಿಗೆ ಎಂದೇ ಲೆಕ್ಕ ಹಿಡಿಯುತ್ತೇವೆ, ಅಲ್ಲವೇ?

ಏಪ್ರಿಲ್ ಮೊದಲ ವಾರ ಹೊರಟೆವು. ಚೆರ್ರಿ ಹೂವು ನಿಜಕ್ಕೂ ಚೆಂದ. ನದಿಯ ಎರಡೂ ದಂಡೆಗೆ ತಿಳಿಗುಲಾಬಿ ಮೋಡ ಇಳಿದ ಹಾಗೆ. ನಾನು, ನಮ್ಮನೆಯವರು, ಮಗಳು ಸಾನ್ವಿ ಫೋಟೋ ತೆಗೆದು ತೆಗೆದು ಮೊಬೈಲ್ ತುಂಬಿಸಿದೆವು. ಕಾಕಾ "ಚೆಂದ ಅದಾವ" ಎಂದು ಒಮ್ಮೆ ಹೇಳಿದರು, ಅಷ್ಟೇ. ಹೋಟೆಲಿನಲ್ಲಿ ಚಹಾ ಕುಡಿದಾದ ಮೇಲೆ ಮಾತ್ರ ಪ್ರತಿ ಸಲ ಕಪ್ಪನ್ನು ತಿರುವಿ ಹಾಕಿ ಅದರ ತಳ ಸವರುತ್ತಿದ್ದರು. ಉಳಿದವರು ತಿರುಗಿ ನೋಡುತ್ತಿದ್ದರು. (ನನಗೆ ಸ್ವಲ್ಪ ನಾಚಿಕೆಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ?)

ಆರನೆಯ ದಿನ ಪ್ಯಾಕೇಜಿನಲ್ಲಿ ಬಿಡುವಿತ್ತು. ನಾನು ಶಾಪಿಂಗ್ ಎಂದುಕೊಂಡಿದ್ದೆ. ಸಾನ್ವಿ ಮೊಬೈಲಿನಲ್ಲಿ ರೈಲಿನ ವೇಳೆ ತೋರಿಸಿ, "ಅಜ್ಜಾ, ಬಿಜೆನ್‌ಗೆ ಹೋಗೂಣು?" ಎಂದಳು. ಕಾಕಾ ಆಗಲೇ ಬೂಟು ಹಾಕಿಕೊಳ್ಳುತ್ತಿದ್ದರು.

ಎರಡು ರೈಲು ಬದಲಿಸಿ ಇಳಿದೆವು. ಸಣ್ಣ ಊರು. ಬೀದಿಯುದ್ದಕ್ಕೂ ಕಂದು ಮಡಕೆಗಳು. ಒಂದು ಕಾರ್ಖಾನೆಯ ಹಿಂದೆ ದಿಬ್ಬದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದ ಉದ್ದನೆಯ ಭಟ್ಟಿ. ತಣ್ಣಗೆ ಬಿದ್ದಿತ್ತು. ಅದರ ಬಾಯಲ್ಲಿ ಬೆಕ್ಕೊಂದು ಮಲಗಿತ್ತು.

ಅಲ್ಲಿದ್ದ ಹೆಂಗಸು ತನ್ನ ಮೊಬೈಲಿಗೆ ಜಪಾನಿಯಲ್ಲಿ ಏನೋ ಹೇಳಿದಳು. ಅದು ಇಂಗ್ಲಿಷಿನಲ್ಲಿ ಬಂತು. ಬೆಂಕಿ ಅಕ್ಟೋಬರ್‌ನಲ್ಲಿ. ಈಗ ಖಾಲಿ. ಕ್ಷಮಿಸಿ.

ನನಗೆ ಕಾಕಾನ ಮುಖ ನೋಡುವ ಧೈರ್ಯವಾಗಲಿಲ್ಲ.

ಕಾಕಾ ಎರಡೂ ಕೈ ಮುಂದೆ ಚಾಚಿ ಅಂಗೈ ತೋರಿಸಿದರು. ಮಣ್ಣಿನಲ್ಲಿ ಸವೆದ ಹೆಬ್ಬೆರಳು, ಸುಟ್ಟ ಕಲೆಗಳು. ಅವಳು ನೋಡಿದಳು. ತನ್ನ ಕೈಯನ್ನೂ ಚಾಚಿದಳು. ಇಬ್ಬರೂ ನಕ್ಕರು. ಆಮೇಲೆ ಅವಳು ಭಟ್ಟಿಯ ಪಕ್ಕದ ಸಣ್ಣ ಬಾಗಿಲು ತೆರೆದು ಒಳಗೆ ಹೋಗಿ ಎಂದು ಸನ್ನೆ ಮಾಡಿದಳು.

ಕಾಕಾ ಅಂಬೆಗಾಲಿಟ್ಟು ಒಳಗೆ ಹೋದರು. ಐದು ನಿಮಿಷವಾಯಿತು. ಹತ್ತಾಯಿತು. ನಾನು ಬಗ್ಗಿ ನೋಡಿದೆ. ವರ್ಷಗಟ್ಟಲೆ ಬೂದಿ ಕರಗಿ ಒಳಗೋಡೆ ಗಾಜಿನಂತೆ ಹೊಳೆಯುತ್ತಿತ್ತು. ಕಾಕಾ ಆ ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಕುಳಿತಿದ್ದರು. ಕೆನ್ನೆ ಒದ್ದೆಯಾಗಿತ್ತು.

ಹೊರಗೆ ಬಂದ ಮೇಲೆ ಅವರೇ ನನ್ನನ್ನು ಸಮಾಧಾನ ಮಾಡಿದರು. "ಚಲೋನ ಆತವಾ. ಉರಿಯೂವಾಗ ಬಂದಿದ್ರ ಒಳಗ ಹೋಗಾಕ ಬರತಿತ್ತೇನು? ಗ್ವಾಡಿ ಮುಟ್ಟಿದೆ ನಾ."

ನನ್ನ ಎದೆ ಹಗುರಾಯಿತು. ತಪ್ಪು ಸೀಸನ್ ಆರಿಸಿದ್ದೇ ಒಳ್ಳೆಯದಾಯಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಎಷ್ಟು ಹೊತ್ತು? ರೈಲು ಹತ್ತುವ ತನಕ.

ಕಿಟಕಿಯ ಹೊರಗೆ ಹೂವಿನ ಮರಗಳು ಓಡುತ್ತಿದ್ದವು. ಕಾಕಾ ಯಾರಿಗೂ ಅಲ್ಲ ಎಂಬಂತೆ ಹೇಳಿದರು: "ಕಟಗಿ ಹಾಕಿದಾಗೊಮ್ಮೆ ಬೆಂಕಿ ಬಣ್ಣ ಬದಲಾಗತೈತಿ ಅಂತ ಆ ಜಪಾನಿ ಕುಂಬಾರ ಅಂದಿದ್ದ. ಕೆಂಪ ಹೋಗಿ ಹಳದಿ, ಹಳದಿ ಹೋಗಿ ಬೆಳ್ಳಗ. ಆ ಬಿಳೀದು ಹೆಂಗಿರತೈತೋ, ಒಮ್ಮೆ ನೋಡಬೇಕಿತ್ತು."

ಸಾನ್ವಿ ಅವರ ಕೈ ಹಿಡಿದುಕೊಂಡಳು.

ಅಲ್ಲಿಂದ ಬಂದ ಮೇಲೆ ಬೆಳಗಾವಿಯ ಸದಾಶಿವನಗರದ ನಮ್ಮ ಓಣಿಯಲ್ಲಿ ನಾನು ಜಪಾನ್ ಎಕ್ಸ್‌ಪರ್ಟ್. ಯಾವ ತಿಂಗಳು ಬೆಸ್ಟ್, ಏನೇನು ನೋಡಬೇಕು ಎಂದು ವಾಕಿಂಗ್ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಮೊದಮೊದಲು ಪಟ್ಟಿ ಒಪ್ಪಿಸುತ್ತಿದ್ದೆ. ಈಗ, ಜೊತೆಗೆ ಬರುವವರಿಗೆ ಏನು ನೋಡುವ ಆಸೆ ಇದೆ ಎಂದು ಮೊದಲು ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಅವರಿಗೆ ಅದು ಉತ್ತರ ಅನಿಸುವುದಿಲ್ಲ.

ಇದು ಅಕ್ಟೋಬರ್. ಮೊನ್ನೆ ಸಂಜೆ ಖಾನಾಪುರಕ್ಕೆ ಹೋಗಿದ್ದೆ. ಕಾಕಾ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೊಣಕಾಲಿಗೆ ಕಾಕು ಬಿಸಿನೀರಿನ ಚೀಲ ಇಡುತ್ತಿದ್ದರು. "ಬಾರವಾ, ಕುಂದರು" ಎಂದವರೇ ಗಡಿಯಾರ ನೋಡಿದರು.

"ಅಲ್ಲಿ ಈಗ ಎಷ್ಟ ಹೊತ್ತಾಗಿರಬೇಕು?"

"ಮೂರೂವರೆ ತಾಸು ಮುಂದ, ಕಾಕಾ."

"ಹಂಗಾರ ಕತ್ತಲಾಗೇತಿ. ಬೆಂಕಿ ಚಲೋ ಕಾಣತಿರತೈತಿ" ಎಂದರು.

ಅವರ ಪಾಸ್‌ಪೋರ್ಟಿಗೆ ಇನ್ನೂ ಒಂಬತ್ತು ವರ್ಷ ಅವಧಿ ಇದೆ. ಆ ಮೊಣಕಾಲುಗಳಿಗೆ ಎಷ್ಟಿದೆ ಎಂದು ಯಾರನ್ನು ಕೇಳಲಿ?